ಬೀಗರ ಮನೆಯ ಬಾಣಂತನ

ಅವ್ವನ ಮನೆಯ ಹೊಸ್ತಿಲು ದಾಟುವ ಮೊದಲೇ ಗಂಟಲು ಕಟ್ಟಿತು. ಒಳಗೆ ಯಾರೋ ಮೆಣಸು, ಒಣಶುಂಠಿ, ಹಿಪ್ಪಲಿ ಹುರಿಯುತ್ತಿದ್ದರು. ಬಾಣಂತಿ ಖಾರದ ಘಾಟು ಯಾರಿಗೆ ಗೊತ್ತಿಲ್ಲ ಹೇಳಿ. ಒಂದು ಮನೆಯಲ್ಲಿ ಹುರಿದರೆ ಬೀದಿಯೆಲ್ಲ ಸೀನುತ್ತದೆ. ಪಾಂಡವಪುರದಿಂದ ಸ್ಕೂಟರಿನಲ್ಲಿ ಬಂದಿದ್ದ ನಾನು ವೇಲಿನಿಂದ ಮೂಗು ಮುಚ್ಚಿಕೊಂಡು ಅಡುಗೆಮನೆಗೆ ಇಣುಕಿದೆ. ಒಲೆಯ ಮುಂದೆ ಇದ್ದದ್ದು ಅವ್ವ ಅಲ್ಲ, ಪುಟ್ಟಮ್ಮ. ನನ್ನ ತಮ್ಮ ಸುರೇಶನ ಅತ್ತೆ, ಅಂದರೆ ನಮ್ಮ ಬೀಗಿತ್ತಿ. ಅವ್ವ ಹಿತ್ತಲ ಬಾಗಿಲಲ್ಲಿ ಮುಖ ತಿರುಗಿಸಿಕೊಂಡು ನಿಂತಿದ್ದಳು. ಸುರೇಶನ ಹೆಂಡತಿ ಸವಿತ ದಿನ ತುಂಬಿದ ಹೊಟ್ಟೆ ಹೊತ್ತು ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ಮೂವರು ಹೆಂಗಸರಿರುವ ಮನೆಯಲ್ಲಿ ಮಾತೇ ಇಲ್ಲ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಅವ್ವ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ಕೂಸು ಉಟ್ಟಾಕ್ ಮುಂಚೆ ಖಾರ ಉರೀಬ್ಯಾಡಿ ಅಂತ ಬಡ್ಕೊಂಡೆ ಕಣೆ. ಓದ್ಸಲಾನೂ ಇಂಗೇ ಎಲ್ಲಾನೂ ಮೊದ್ಲೇ ಮಾಡಿಕ್ಕಿದ್ರು."

ಹೋದ ಸಲ. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಆಡಬೇಕಾಗಿ ಬಂದರೆ ಅವ್ವನ ಹಾಗೆ ಹಿತ್ತಲಿಗೆ ಬಂದು ಆಡುತ್ತೇವೆ. ನನಗೆ ಹಾಗೆ ಗುಟ್ಟು ಇಟ್ಟುಕೊಂಡು ಅಭ್ಯಾಸವಿಲ್ಲ, ಬಾಯಿ ದೊಡ್ಡದು, ನನ್ನ ಗಂಡನೂ ಅದನ್ನೇ ಹೇಳುತ್ತಾರೆ. ಅದಕ್ಕೇ ನಿಮ್ಮ ಮುಂದೆ ಕೂತು ಹೇಳುತ್ತಿದ್ದೇನೆ.

ಬೀಗಿತ್ತಿ ಅಳಿಯನ ಮನೆಗೆ ಬಂದು ಬಾಣಂತನ ಮಾಡುವುದು ನಮ್ಮ ಕಡೆ ಇಲ್ಲ. ಚೊಚ್ಚಲಿಗಂತೂ ಮಗಳು ತವರಿಗೆ ಹೋಗಲೇಬೇಕು. ಅವಳ ತಾಯಿ ಅಳಿಯನ ಮನೆಗೆ ಬಂದರೆ ಒಂದು ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಸಂಜೆ ಬಸ್ಸಿಗೆ ಹೊರಟುಬಿಡಬೇಕು. ಅಲ್ಲೇ ಬೀಡುಬಿಟ್ಟರೆ ಬೀದಿಯ ಬಾಯಿ ಸುಮ್ಮನಿರುತ್ತದೆಯೇ? ಮಗಳ ಬಾಣಂತನ ಮಾಡುವ ಯೋಗ್ಯತೆಯೂ ಇಲ್ಲವೇನೋ ಪಾಪ ಎಂದು ಆಡಿಕೊಳ್ಳಲು ನಮ್ಮ ಬೀದಿಯವರು ಎರಡು ದಿನವೂ ಕಾಯಲಿಲ್ಲ. ಪುಟ್ಟಮ್ಮನಿಗೆ ಅದು ಕೇಳಿಸಲಿಲ್ಲ ಎಂದು ನಾನು ನಂಬುವುದಿಲ್ಲ. ರಾಗಿ ಚೀಲ, ಹುರುಳಿ, ಬೆಳ್ಳುಳ್ಳಿ, ತುಪ್ಪದ ಡಬ್ಬಿ ಎಲ್ಲವನ್ನೂ ಬಸ್ಸಿನಲ್ಲಿ ಹೊತ್ತು ತಂದಿದ್ದರು. ನಮ್ಮ ಮನೆಯದೆಂದರೆ ನೀರು ಮತ್ತು ಬೆಂಕಿ ಅಷ್ಟೇ.

ನೀರಿನ ವಿಷಯಕ್ಕೆ ಬಂದೆ ನೋಡಿ, ಎಲ್ಲ ಶುರುವಾದದ್ದೇ ಅಲ್ಲಿಂದ. ನಮ್ಮೂರು ಶ್ರೀರಂಗಪಟ್ಟಣಕ್ಕೆ ಅಂಟಿಕೊಂಡ ಹಾಗೇ ಇದೆ. ವಿರಿಜಾ ನಾಲೆ ಹಿತ್ತಲ ಹಿಂದೆಯೇ ಹರಿಯುತ್ತದೆ. ಇಲ್ಲಿನವರು ನೀರು ಕಂಡರೆ ಕಾಲು ತೊಳೆಯುತ್ತಾರೆ, ಎಮ್ಮೆ ತೊಳೆಯುತ್ತಾರೆ, ಟ್ರಾಕ್ಟರು ತೊಳೆಯುತ್ತಾರೆ, ತೊಳೆಯಲು ಇನ್ನೇನೂ ಇಲ್ಲದಿದ್ದರೆ ಬೀದಿಯನ್ನೇ ತೊಳೆಯುತ್ತಾರೆ. ಸವಿತಳ ಊರು ನಾಗಮಂಗಲ ತಾಲ್ಲೂಕು, ಬಿಂಡಿಗನವಿಲೆಯಿಂದ ಇನ್ನೂ ಒಳಗೆ. ಶೀಳನೆರೆಯ ನಮ್ಮ ಸೋದರಮಾವ ತಂದ ಸಂಬಂಧ ಅದು. ಹುಡುಗಿ ಓದಿದ್ದಾಳೆ, ಒಳ್ಳೆ ಜನ, ಹೋಗಿ ನೋಡಿ ಬನ್ನಿ ಎಂದು ಮಾವ ಕೂತಲ್ಲಿ ನಿಂತಲ್ಲಿ ಹೇಳಿದ ಮೇಲೆ ಹೊರಟೆವು. ಪಾಂಡವಪುರ ದಾಟುವ ತನಕ ಕಬ್ಬು, ಭತ್ತ. ಜಕ್ಕನಹಳ್ಳಿ ದಾಟಿದ ಮೇಲೆ ತೆಂಗು. ನಾಗಮಂಗಲ ಹಿಂದೆ ಬಿದ್ದ ಮೇಲೆ ರಾಗಿ, ಹುರುಳಿ, ಕುರಿಮಂದೆ, ಕಲ್ಲು. ಅಪ್ಪ ಕಿಟಕಿಯ ಪಕ್ಕ ಕೂತು ಎಲ್ಲವನ್ನೂ ನೋಡುತ್ತ ಬಂದ.

ಅವರ ಮನೆಯ ಜಗಲಿಯ ಪಕ್ಕ ಎರಡು ಬಕೆಟ್ಟು ನೀರು ಇಟ್ಟಿದ್ದರು, ಬಂದ ನೆಂಟರು ಕಾಲು ತೊಳೆಯಲಿ ಎಂದು. ನಮ್ಮವರು ತೊಳೆದರು. ಮೊಣಕಾಲಿನವರೆಗೆ ತೊಳೆದರು, ಮುಖ ತೊಳೆದರು, ಕೂದಲಿಗೂ ಚಿಮುಕಿಸಿಕೊಂಡರು, ಚಪ್ಪಲಿಗೂ ಹುಯ್ದರು. ಬಕೆಟ್ಟುಗಳು ಖಾಲಿಯಾದವು. ಪುಟ್ಟಮ್ಮ ಬಾಗಿಲಲ್ಲಿ ನಿಂತು ಅಂಗಳದಲ್ಲಿ ಹರಿದು ಹೋಗುತ್ತಿದ್ದ ನೀರನ್ನೇ ನೋಡುತ್ತಿದ್ದರು. ಆಗ ಅಪ್ಪ ಕಾಲು ಒರೆಸಿಕೊಳ್ಳುತ್ತ ಕೇಳಿದ, ನಿಮ್ಮೂರಲ್ಲಿ ಸ್ನಾನಕ್ಕೆ ನೀರು ಸಿಕ್ಕುತ್ತದಾ ಎಂದು. ಅಪ್ಪ ಕೆಟ್ಟವನಲ್ಲ, ಈಗ ಅವನೂ ಇಲ್ಲ. ಆದರೆ ಆ ಕೆಲಸವನ್ನೂ ಆ ಮಾತನ್ನೂ ನೆನೆಸಿಕೊಂಡರೆ ಇವತ್ತೂ ನನಗೆ ಮೈ ಉರಿಯುತ್ತದೆ. ಪುಟ್ಟಮ್ಮ ಸಿಕ್ಕುತ್ತದೆ ಎಂದರು, ಅಷ್ಟೇ.

ಮದುವೆಯಾಯಿತು. ಸವಿತ ಬಸುರಿಯಾದಳು. ಏಳು ತುಂಬಿದ ಮೇಲೆ ಪುಟ್ಟಮ್ಮ ಮಗಳನ್ನು ಕರೆದುಕೊಂಡು ಹೋಗಲು ಬಂದರು. ಸುರೇಶ ಗೊಣಗಿದ, ಇಲ್ಲೇ ಪಟ್ಟಣದಲ್ಲಿ ಆಸ್ಪತ್ರೆ ಇದೆಯಲ್ಲ ಎಂದು. ಅವ್ವ ಅವನ ಬಾಯಿ ಮುಚ್ಚಿಸಿದಳು. ಲೋಕದಲ್ಲಿ ಇಲ್ಲದ್ದು ಮಾಡಬೇಡ, ಅವರಿಗೆ ಅವಮಾನ ಮಾಡಬೇಡ ಎಂದಳು. ಅವ್ವ ಹೇಳಿದ್ದು ಸರಿಯೇ ಅನ್ನಿಸಿತು ನಮಗೆಲ್ಲ. ನೀರಿಲ್ಲದ ಊರು ಎಂದು ಒಂದು ಸಲ ಅನ್ನಿಸಿಕೊಂಡವರು, ಬಾಣಂತನವೂ ಮಾಡಲಾರರು ಅನ್ನಿಸಿಕೊಳ್ಳುತ್ತಾರೆಯೇ? ಆಸ್ಪತ್ರೆ ಪಕ್ಕದಲ್ಲಿರುವ ಮನೆಯಿಂದ ಹೆಣ್ಣುಮಗಳನ್ನು ಎಬ್ಬಿಸಿ, ಬಸ್ಸು ಸರಿಯಾಗಿ ಬಾರದ ಊರಿಗೆ ಅರಿಸಿನ ಕುಂಕುಮ ಕೊಟ್ಟು ಕಳಿಸಿದೆವು. ಕಾರಿನ ಬಾಗಿಲು ಹಾಕಿದ್ದು ನಾನೇ.

ಅಲ್ಲಿ ಅವಳಿಗೆ ಏನು ಕಡಿಮೆ ಮಾಡಿದರು ಎಂದು ಕೇಳಬೇಡಿ. ಅವ್ವ ಕೊಟ್ಟ ಮೆತ್ತನೆಯ ಹಳೆ ಸೀರೆಗಳನ್ನು ತಲುಪಿಸಲು ನಾನು ಹೋಗಿದ್ದೆ, ಕಣ್ಣಾರೆ ಕಂಡೆ. ಆ ಬೀದಿಗೆ ನಲ್ಲಿ ನೀರು ದಿನಬಿಟ್ಟು ದಿನ ಬಂದರೆ ಪುಣ್ಯ. ಬಾಣಂತಿಗೆ ಮೈಗೆ ಹುಯ್ಯಲು ಹಂಡೆಗಟ್ಟಲೆ ಬಿಸಿನೀರು ಬೇಕಲ್ಲ, ಅದಕ್ಕೆ ಅಲ್ಲಿ ಒಂದು ಪದ್ಧತಿ. ನೀರು ಬಂದ ದಿನ ಬೀದಿಯ ಪ್ರತಿ ಮನೆಯವರೂ ಮೊದಲ ಕೊಡವನ್ನು ಬಾಣಂತಿ ಮನೆಯ ಡ್ರಮ್ಮಿಗೆ ಸುರಿದು ಆಮೇಲೆ ತಮ್ಮ ಮನೆಗೆ ಹಿಡಿದುಕೊಳ್ಳುತ್ತಾರೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಸವಿತಳಿಗೆ ಇನ್ನೂ ನೋವು ಬರುವ ಮೊದಲೇ ಡ್ರಮ್ಮುಗಳು ತುಂಬಿ, ಮೇಲೆ ಬಿಳಿ ಬಟ್ಟೆ ಕಟ್ಟಿದ್ದರು. ನಾಲೆಯ ಪಕ್ಕ ಹುಟ್ಟಿದ ನಾನು ಯಾರ ಮನೆಗೂ ಒಂದು ಚೊಂಬು ನೀರು ಕೊಟ್ಟವಳಲ್ಲ, ಕೇಳುವವರೂ ಇರಲಿಲ್ಲ ಅನ್ನಿ.

ನಾನು ಅಲ್ಲಿರುವಾಗಲೇ, ಮಾರನೆಯ ದಿನ ಬೆಳಿಗ್ಗೆ, ದಿನಕ್ಕೆ ಮುಂಚೆಯೇ ನೋವು ಶುರುವಾಯಿತು. ಹಾಲಿನ ವ್ಯಾನು ಆಗತಾನೆ ಹೋಗಿತ್ತು. ಊರಲ್ಲಿದ್ದ ಒಂದೇ ಆಟೋ ನಾಗಮಂಗಲದ ಸಂತೆಗೆ ಹೋಗಿತ್ತು. ಆಂಬುಲೆನ್ಸಿಗೆ ಫೋನು ಮಾಡಿದೆ. ಮಾತಾಡಿದ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಗಾಡಿ ಇನ್ನೊಂದು ಕೇಸಿಗೆ ಹೋಗಿದೆ, ಅದು ಇಳಿಸಿದ ತಕ್ಷಣ ನಿಮ್ಮ ಕಡೆಗೇ ಎಂದಳು. ಪ್ರತಿ ಸಲ ಮಾಡಿದಾಗಲೂ ಅದೇ ಮರ್ಯಾದೆ, ಅದೇ ಮಾತು. ಸುರೇಶ ಫೋನಿನಲ್ಲಿ, ನಮ್ಮೂರಿನಿಂದ ಕಾರು ತರುತ್ತೇನೆ ಎಂದು ಒಂದೇ ಸಮ ಅರಚುತ್ತಿದ್ದ. ನಾನು ತಾ ಎಂದೆ, ಪುಟ್ಟಮ್ಮ ಫೋನು ಇಸಿದುಕೊಂಡು ಬೇಡ ಎಂದರು.

"ಚೊಚ್ಚಲು ಕಣವ್ವ, ಸಂಜೆ ಗಂಟ ಎಳೀತದೆ," ಎಂದು ನನ್ನ ಕಡೆ ತಿರುಗಿ ಹೇಳಿದರು. "ಆಲಿನ್ ವ್ಯಾನ್ ಬತ್ತದಲ್ಲ. ನಮ್ಮೂರ್ ಎಣ್ಮಕ್ಳೆಲ್ಲ ಅದ್ರಲ್ಲೇ ಓಗಿರಾದು. ಒಂದ್ ದಿನಾನೂ ತಪ್ಪಿಲ್ಲ ಅದು."

ಅದು ಸುಳ್ಳಲ್ಲ. ಆ ಊರಿಗೆ ಬಸ್ಸು ತಪ್ಪುತ್ತದೆ, ಕರೆಂಟು ತಪ್ಪುತ್ತದೆ, ನಲ್ಲಿ ತಪ್ಪುತ್ತದೆ, ಹಾಲಿನ ವ್ಯಾನು ಮಾತ್ರ ಬೆಳಿಗ್ಗೆ ಸಂಜೆ ಹೊತ್ತಿಗೆ ಸರಿಯಾಗಿ ಡೈರಿಯ ಮುಂದೆ ಬಂದು ನಿಲ್ಲುತ್ತದೆ. ಜ್ವರ ಬಂದವರು, ಹಾವು ಕಚ್ಚಿದವರು, ಬಸುರಿಯರು, ಎಲ್ಲರೂ ಅದರ ಹೊತ್ತು ನೋಡಿಕೊಂಡೇ ಆಸ್ಪತ್ರೆಗೆ ಹೋಗುವುದು. ಅಲ್ಲಿ ಹುಟ್ಟಿ ಬೆಳೆದವರಿಗೆ ನೋವು ಶುರುವಾದರೆ ಮೊದಲು ಬರುವ ಯೋಚನೆಯೇ ಅದು, ವ್ಯಾನಿಗೆ ಇನ್ನೆಷ್ಟು ಹೊತ್ತು ಎಂದು. ನಾವು ಕಾದೆವು. ಸವಿತ ಕೈ ಹಿಡಿದುಕೊಂಡರೆ ನನ್ನ ಬಳೆ ಒಡೆಯಿತು. ಮಧ್ಯಾಹ್ನದ ಹೊತ್ತಿಗೆ ಅವಳು ಕೂಗುವುದನ್ನು ನಿಲ್ಲಿಸಿದಳು. ಕೂಗುತ್ತಿದ್ದಾಗಲೇ ವಾಸಿಯಿತ್ತು.

ವ್ಯಾನು ಬಂತು, ಸರಿಯಾದ ಹೊತ್ತಿಗೇ ಬಂತು. ಕೆ.ಆರ್. ಪೇಟೆ ಕಡೆಯ ಡ್ರೈವರು, ವಿಷಯ ಕೇಳಿದವನೇ ಕ್ಯಾನುಗಳನ್ನು ಅಲ್ಲೇ ಬಿಟ್ಟು ಅವಳನ್ನು ಮುಂದಿನ ಸೀಟಿಗೆ ಹತ್ತಿಸಿಕೊಂಡ. ದಾರಿಯ ಪ್ರತಿ ಊರಿನ ಡೈರಿಯ ಮುಂದೂ ಜನ ಹಾಲು ಇಟ್ಟುಕೊಂಡು ನಿಂತಿದ್ದರು. ಇವನು ಹಾರ್ನು ಒತ್ತಿಕೊಂಡು ನಿಲ್ಲಿಸದೆ ಹೋಗುತ್ತಿದ್ದರೆ ಅವರಿಗೆ ಅರ್ಥವಾಗುತ್ತಿತ್ತು. ಯಾರೂ ಕೈ ಅಡ್ಡ ಹಾಕಲಿಲ್ಲ, ಯಾರೂ ಬೈಯಲಿಲ್ಲ. ಅವರ ಒಂದು ಹೊತ್ತಿನ ಹಾಲು ಅಂದು ಒಡೆದೇ ಹೋಗಿರಬೇಕು. ಮೊದಲು ಸಿಕ್ಕ ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರು ಇರಲಿಲ್ಲ, ಅವರಿಗೆ ಆವತ್ತು ಬೇರೆ ಊರಿನ ಪಾಳಿ. ಸಿಸ್ಟರು ಹೊಟ್ಟೆ ಮುಟ್ಟಿ ನೋಡಿ, ಮುಖ ಸಣ್ಣದು ಮಾಡಿಕೊಂಡು, ನಿಲ್ಲಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಹೋದೆವು. ದೊಡ್ಡಾಸ್ಪತ್ರೆಯೇನು ಚಂದ್ರಲೋಕದಲ್ಲಿ ಇರಲಿಲ್ಲ. ಅಲ್ಲಿಗೆ ಹೋಗಿ ಮುಟ್ಟುವುದೇ ಇಡೀ ದಿನದ ಕೆಲಸವಾಗಿತ್ತು, ಅಷ್ಟೇ.

ಸವಿತ ಉಳಿದಳು. ಮಗು ಹೊಟ್ಟೆಯಲ್ಲೇ ಹೋಗಿತ್ತು.

ಸ್ವಲ್ಪ ಮುಂಚೆ ಕರೆದುಕೊಂಡು ಬರುವುದಲ್ಲವೇ ಎಂದು ಒಬ್ಬ ಡಾಕ್ಟರು ಪುಟ್ಟಮ್ಮನನ್ನು ಕೇಳಿದರು. ವಯಸ್ಸು ಚಿಕ್ಕದು, ಬೇಜಾರಿನಲ್ಲೇ ಕೇಳಿದರು, ತಪ್ಪು ತಿಳಿಯಬೇಕಾಗಿಲ್ಲ. ಆದರೆ ನನಗೆ ತಡೆಯಲಾಗಲಿಲ್ಲ. ಮುಂಚೆ ಅಂದರೆ ಯಾವುದರಲ್ಲಿ ಸ್ವಾಮಿ, ಹೊತ್ತುಕೊಂಡು ಬರಬೇಕಾಗಿತ್ತಾ ಎಂದು ವರಾಂಡದಲ್ಲಿ ನಿಂತು ಕೂಗಾಡಿದೆ. ಹಾಲು ಒಡೆದುಹೋಗುತ್ತದೆ ಎಂದು ದಿನಕ್ಕೆ ಎರಡು ಸಲ ಗಾಡಿ ಕಳಿಸುತ್ತಾರೆ, ಹೆಂಗಸರಿಗೆ ಒಂದು ಸಲವೂ ಇಲ್ಲವಾ ಎಂದೆ. ನಮ್ಮೂರಿನ ಹಾಲೂ ಆ ಊರಿನ ಹಾಲೂ ಒಂದೇ ಪ್ಯಾಕೆಟ್ಟಿಗೆ ಸೇರುತ್ತದಲ್ಲ, ಅದಕ್ಕೆ ಇಲ್ಲದ ಭೇದ ಮನುಷ್ಯರಿಗೆ ಏಕೆ ಎಂದೆ. ಪಾಪ, ಆ ಹುಡುಗ ಏನು ಹೇಳುತ್ತಾನೆ. ಪುಟ್ಟಮ್ಮ ಮಾತ್ರ ನನ್ನ ಕೂಗಾಟ ಕೇಳಲಿಲ್ಲ. ಸ್ವಲ್ಪ ಮುಂಚೆ ಎಂಬುದೊಂದನ್ನೇ ಕೇಳಿಸಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟರು.

ಮಗುವಿಲ್ಲದ ಬಾಣಂತಿಗೂ ಬಾಣಂತನ ಆಗಲೇಬೇಕು. ಮೈ ಹೆತ್ತಿರುತ್ತದಲ್ಲ, ಅದಕ್ಕೇನು ಗೊತ್ತು. ಸವಿತಳನ್ನು ತವರಿಗೇ ಕರೆದುಕೊಂಡು ಹೋದರು. ನೀರು ಬಂದ ದಿನ ಬೀದಿಯ ಹೆಂಗಸರು ಯಥಾಪ್ರಕಾರ ಮೊದಲ ಕೊಡ ತಂದು ಸುರಿದು ಹೋಗುತ್ತಿದ್ದರಂತೆ. ಪುಟ್ಟಮ್ಮ ದಿನವೂ ಹಂಡೆಗೆ ಬೆಂಕಿ ಹಾಕಿ ಮಗಳಿಗೆ ನೀರು ಹುಯ್ಯುತ್ತಿದ್ದರು, ಖಾರ ತಿನ್ನಿಸುತ್ತಿದ್ದರು. ಎದೆಹಾಲು ಬತ್ತಲು ಸವಿತಳಿಗೆ ಬಟ್ಟೆ ಬಿಗಿದು ಕಟ್ಟಿದ್ದರು. ಇದನ್ನು ಸವಿತ ನನಗೆ ಆಮೇಲೆ ಯಾವಾಗಲೋ ಹೇಳಿದಳು, ಸೊಪ್ಪು ಬಿಡಿಸುತ್ತ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ನಾನು ಅತ್ತೆ, ಅವಳು ಅಳಲಿಲ್ಲ.

ಅದಕ್ಕೇ ಎರಡನೆಯ ಸಲ ಸುರೇಶ ಯಾರ ಮಾತಿಗೂ ಜಗ್ಗಲಿಲ್ಲ. ತಾನೇ ಆ ಊರಿಗೆ ಹೋಗಿ, ಅತ್ತೆಯ ಮುಂದೆ ಕೂತು, ಕಳಿಸುವುದಿಲ್ಲ ಎಂದು ಹೇಳಿ ಬಂದ. ಅವರು ಬೈದರೇನೋ ಎಂದು ನಾವು ಕಾದರೆ, ಬೈಯಲಿಲ್ಲವಂತೆ, ಊಟಕ್ಕೆ ಬಡಿಸಿದರಂತೆ. ಒಂದು ವಾರದ ಮೇಲೆ ಚೀಲಗಳನ್ನು ಹೊತ್ತುಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತರು. ಮಗಳು ನನ್ನ ಮನೆಗೆ ಬರಬಾರದು ಅಂದರೆ ನಾನೇ ಬರುತ್ತೇನೆ, ಬಾಣಂತನ ಮಾತ್ರ ನನ್ನದು ಎಂದರು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರದೂ ಸೌಟು. ಪುಟ್ಟಮ್ಮ ಪಾತ್ರೆ ತೊಳೆದ ನೀರನ್ನು ಹೊತ್ತುಕೊಂಡು ಹೋಗಿ ಬಾಳೆಯ ಬುಡಕ್ಕೆ ಹಾಕುವುದನ್ನು ಕಂಡರೆ ಅವ್ವನಿಗೆ ಆಗುತ್ತಿರಲಿಲ್ಲ. ನಮಗೇನು ನೀರಿಗೆ ಬರವಾ ಎಂದು ನನ್ನ ಹತ್ತಿರ ಗೊಣಗುತ್ತಿದ್ದಳು.

ಹಾಗೆ ಗೊಣಗಾಟ, ಹೆದರಿಕೆ, ಮೆಣಸಿನ ಘಾಟು ಎಲ್ಲ ಒಟ್ಟಿಗೆ ತುಂಬಿದ್ದ ಆ ಮನೆಯಲ್ಲಿ ನಾನು ಅಂದು ಉಳಿದುಕೊಂಡೆ. ಮಾರನೆಯ ದಿನ ತಿಂಡಿಯ ಹೊತ್ತಿಗೆ ಸವಿತ ಗೋಡೆ ಹಿಡಿದು ನಿಂತಳು. ಯಾರೂ ಏನೂ ಕೇಳಬೇಕಾಗಿರಲಿಲ್ಲ.

ಆಗ ಪುಟ್ಟಮ್ಮನನ್ನು ನೀವು ನೋಡಬೇಕಿತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದು ಕಂಬಳಿ ಹಾಸಿ ಅದರ ಮೇಲೆ ಬಟ್ಟೆ, ಬಾಟಲಿ ನೀರು, ಟಾರ್ಚು, ರೊಟ್ಟಿ, ಹೊಸ ಬ್ಲೇಡು, ದಾರದ ಉಂಡೆ ಎಲ್ಲ ಇಟ್ಟು ಗಂಟು ಕಟ್ಟತೊಡಗಿದರು. ಟಾರ್ಚು ಯಾಕೆ ಬೆಳಿಗ್ಗೆ ಹೊತ್ತಿನಲ್ಲಿ ಎಂದು ಕೇಳಲು ಹೋದವಳು ಸುಮ್ಮನಾದೆ; ಹೊತ್ತು ಮುಳುಗುವ ಲೆಕ್ಕವನ್ನೂ ಅವರು ಹಾಕಿಕೊಂಡಿದ್ದರು. ಸುರೇಶ ಫೋನಿನಲ್ಲಿ ಮಾತಾಡುತ್ತಲೇ ಇದ್ದ. ನಾನು ಸವಿತಳ ಕಡೆ ತಿರುಗಿ ಮತ್ತೆ ನೋಡುವಷ್ಟರಲ್ಲಿ ಪುಟ್ಟಮ್ಮ ಇಲ್ಲ. ಹೊರಗೆ ಓಡಿ ನೋಡಿದರೆ, ರಸ್ತೆಯ ನಟ್ಟ ನಡುವೆ ಎರಡೂ ಕೈ ಚಾಚಿ ನಿಂತಿದ್ದಾರೆ, ಎದುರಿಗೆ ಕಬ್ಬು ತುಂಬಿದ ಟ್ರಾಕ್ಟರು ಬ್ರೇಕು ಹಾಕಿ ನಿಂತಿದೆ. ಡ್ರೈವರು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಾನೆ. ಇವರು ಕೈ ಮುಗಿದು, ಅಪ್ಪಾ, ಕಬ್ಬು ಇಳಿಸು, ನನ್ನ ಮಗಳನ್ನು ಹತ್ತಿಸಿಕೋ ಎಂದು ಬೇಡುತ್ತಿದ್ದಾರೆ. ಅಷ್ಟರಲ್ಲಿ ಟ್ರಾಕ್ಟರಿನ ಹಿಂದೆ ಆಂಬುಲೆನ್ಸು ಬಂದು ಹಾರ್ನು ಮಾಡತೊಡಗಿತು. ದಾರಿಗೆ ಅಡ್ಡ ನಿಂತಿದ್ದವರು ಪುಟ್ಟಮ್ಮನೇ. ಅವರನ್ನು ತೋಳು ಹಿಡಿದು ಎಳೆದುಕೊಂಡು ಬರಬೇಕಾಯಿತು.

ಸವಿತಳನ್ನು ಮಲಗಿಸಿದೆವು. ನಾನು, ಪುಟ್ಟಮ್ಮ, ಗಂಟು ಹತ್ತಿದೆವು, ಸುರೇಶ ಮುಂದೆ ಡ್ರೈವರನ ಪಕ್ಕ ಕೂತ. ಪುಟ್ಟಮ್ಮ ಮಗಳ ಪಾದ ಹಿಡಿದುಕೊಂಡು ಕಣ್ಣು ಮುಚ್ಚಿ ಮನೆದೇವರಿಗೆ ಹರಕೆ ಹೊರಲು ಶುರುಮಾಡಿದರು. ಹರಕೆ ಮುಗಿದಿರಲಿಲ್ಲ, ಗಾಡಿ ನಿಂತಿತು.

ಅವರು ಬೆಚ್ಚಿ ಕಣ್ಣು ಬಿಟ್ಟು ಡ್ರೈವರನ ಕಡೆಯ ಗಾಜು ಬಡಿದರು. "ಯಾಕ್ ನಿಲ್ಸಿದ್ಯಪ್ಪ? ಓಡ್ಸು, ನಿನ್ ದಮ್ಮಯ್ಯ, ನಿಲ್ಸ್‌ಬ್ಯಾಡ."

ಆಸ್ಪತ್ರೆ ಬಂತು, ಇಳಿಯಿರಿ ಎಂದೆ. ಅವರು ನಂಬಲಿಲ್ಲ. ಸ್ಟ್ರೆಚರು ಒಳಗೆ ಹೋದ ಮೇಲೂ ಗಾಡಿಯ ಒಳಗೇ ಗಂಟು ಹಿಡಿದುಕೊಂಡು ಕೂತಿದ್ದರು.

ಆಮೇಲಿನದು ಕಾಯುವ ಕೆಲಸ. ಮಗುವಿನ ಎದೆಬಡಿತ ಸ್ವಲ್ಪ ನಿಧಾನವಾಗುತ್ತಿದೆ ಎಂದು ಡಾಕ್ಟರಮ್ಮ ಹೊರಗೆ ಬಂದು ಹೇಳಿದರು. ಹೋದ ಸಲದ ದಿನವೇ ಮತ್ತೆ ಕಣ್ಣ ಮುಂದೆ ಬಂತು. ಸುರೇಶ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ. ಅವ್ವ ಅಷ್ಟರಲ್ಲಿ ಪಕ್ಕದ ಮನೆಯವರ ಬೈಕಿನಲ್ಲಿ ಬಂದಿಳಿದಳು. ಡಾಕ್ಟರಮ್ಮ ಒಳಗೆ ಹೋದರು, ಬಾಗಿಲು ಮುಚ್ಚಿತು. ಅವ್ವ ಪುಟ್ಟಮ್ಮನ ಪಕ್ಕ ಕೂತು ಅವರ ಕೈ ಹಿಡಿದುಕೊಂಡಳು. ಅವರಿಬ್ಬರೂ ಕೈ ಹಿಡಿದುಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ಬಾಗಿಲು ತೆರೆಯುವ ಮೊದಲೇ ಮಗುವಿನ ಅಳು ಕೇಳಿಸಿತು.

ಹೆಣ್ಣು. ಸವಿತ ಚೆನ್ನಾಗಿದ್ದಾಳೆ ಎಂದರು. ಸುರೇಶ ಗೋಡೆಗೆ ಹಣೆ ಇಟ್ಟು ಅಳುತ್ತಿದ್ದ, ಅವ್ವ ಸಿಕ್ಕಿದವರಿಗೆಲ್ಲ ಕೈ ಮುಗಿಯುತ್ತಿದ್ದಳು. ಸಿಸ್ಟರು ಬಟ್ಟೆಯಲ್ಲಿ ಸುತ್ತಿ ಕೊಟ್ಟ ಮಗುವನ್ನು ತಂದು ನಾನು ಪುಟ್ಟಮ್ಮನ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ. ಬಿಚ್ಚದ ಗಂಟು ತೊಡೆಯ ಮೇಲಿತ್ತು. ಆಸ್ಪತ್ರೆಯ ಗೇಟಿನಾಚೆ ನೋಡುತ್ತಿದ್ದರು.

ಅಲ್ಲಿ ಕಾಣುತ್ತಿರುವ ತೆಂಗಿನ ಸಾಲು ನಿಮ್ಮೂರಿನದೇ ಅಲ್ಲವಾ ಎಂದು ಕೇಳಿದರು. ಹೌದು ಎಂದೆ.

"ಇಷ್ಟೇನಾ?"

ನನಗೆ ತಕ್ಷಣ ತಿಳಿಯಲಿಲ್ಲ. ದೂರದ ಮಾತಾಡುತ್ತಿದ್ದಾರೆ ಎಂದುಕೊಂಡು, ಹೌದು, ಪಟ್ಟಣ ನಮಗೆ ಹತ್ತಿರ ಎಂದು ಏನೋ ಒದರಿದೆ.

"ಇಷ್ಟಕ್ಕೇನವ್ವ ನನ್ ಮೊದ್ಲಿನ್ ಕೂಸು ಓಗಿದ್ದು?" ಎಂದರು ಪುಟ್ಟಮ್ಮ. "ನಾನು ಇನ್ನೂ ಏನೋ ದೊಡ್ಡದು ಅನ್ಕಂಡಿದ್ನಲ್ಲ. ದೇವ್ರೇ ಮುನ್ಕಂಡವ್ನೆ ಅನ್ಕಂಡಿದ್ನಲ್ಲ."

ನಾನು ಮಗುವನ್ನು ಅವರ ಇನ್ನಷ್ಟು ಹತ್ತಿರ ಹಿಡಿದೆ. ಮಗು ಮುಖ ಕಿವುಚಿ ಅಳತೊಡಗಿತು. ಆಗ ಅವರು ಗಂಟನ್ನು ಕೆಳಗಿಟ್ಟು ಅದನ್ನು ಎತ್ತಿಕೊಂಡರು.

ಈಗ ಮನೆಯ ತುಂಬ ನೋಡಲು ಬರುವವರು. ಬೀದಿಯವರು, ನೆಂಟರು, ಶೀಳನೆರೆಯ ಮಾವ. ಹೆರಿಗೆ ಕಷ್ಟವಾಯಿತಾ ಎಂದು ಎಲ್ಲರೂ ಕೇಳುತ್ತಾರೆ. ಏನೂ ಕಷ್ಟವಾಗಲಿಲ್ಲ, ಗಾಡಿ ಹತ್ತಿದ್ದೇ ಗೊತ್ತು, ಆಸ್ಪತ್ರೆ ಬಂದುಬಿಟ್ಟಿತು ಎಂದು ಅವ್ವ ಮುಖವರಳಿಸಿಕೊಂಡು ಹೇಳುತ್ತಾಳೆ. ಅವಳದೇನೂ ತಪ್ಪಿಲ್ಲ, ಮೊಮ್ಮಗಳು ಹುಟ್ಟಿದ ಸಂತೋಷ. ಆದರೆ ಅವಳು ಹಾಗೆ ಹೇಳಿದಾಗಲೆಲ್ಲ ಪುಟ್ಟಮ್ಮ ಮಗುವನ್ನು ಸವಿತಳ ಪಕ್ಕ ಮಲಗಿಸಿ ಎದ್ದು ಹೊರಗೆ ಹೋಗುತ್ತಾರೆ. ನಿನ್ನೆ ಅವ್ವನನ್ನು ಕೂರಿಸಿಕೊಂಡು ಹೇಳಿದೆ, ಇನ್ನು ಮೇಲೆ ಯಾರಾದರೂ ಕೇಳಿದರೆ ಬಹಳ ಕಷ್ಟವಾಯಿತು ಅನ್ನು ಎಂದು.